ಕೃತಕ ಅಂಗಾಂಶದ ಎಳೆಗಳಿಗೆ ದಿಕ್ಕು ಕೊಡಲು ಅಯಸ್ಕಾಂತವೋ, ಬೇರೆ ದಾರಿಯೋ?

ಪ್ರಯೋಗಾಲಯದಲ್ಲಿ ಅಂಗಾಂಶ ಬೆಳೆಸಲು ಹೊರಟವರಿಗೆಲ್ಲ ಬೇಗನೆ ಎದುರಾಗುವ ತೊಡಕೊಂದಿದೆ. ಇಲಿಯ ಬಾಲದ ಸ್ನಾಯುರಜ್ಜುವಿನಿಂದ ತೆಗೆದ, ಕೊಲ್ಯಾಜೆನ್ ಎಂಬ ಎಳೆಗಟ್ಟುವ ಪ್ರೋಟೀನಿನ ದ್ರಾವಣದ ಆಮ್ಲೀಯತೆಯನ್ನು ತಗ್ಗಿಸಿ, ಅದಕ್ಕೆ ಜೀವಕೋಶಗಳನ್ನು ಬೆರೆಸಿ, 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಟ್ಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಅದು ಮೊಸರಿನಂತೆ ಹೆಪ್ಪುಗಟ್ಟಿ ಜೆಲ್ ಆಗುತ್ತದೆ. ಆದರೆ ಸೂಕ್ಷ್ಮದರ್ಶಕದಡಿ ನೋಡಿದರೆ ಎಳೆಗಳೆಲ್ಲ ಹಿಂಜಿದ ಅರಳೆಯ ಮುದ್ದೆಯಂತೆ ದಿಕ್ಕುದೆಸೆಯಿಲ್ಲದೆ ಹರಡಿಕೊಂಡಿರುತ್ತವೆ. ದೇಹದೊಳಗಿನ ಅಂಗಾಂಶ ಹೀಗಿರುವುದಿಲ್ಲ. ಸ್ನಾಯುರಜ್ಜುವಿನ ಎಳೆಗಳು ಎಳೆತದ ದಿಕ್ಕಿನಲ್ಲಿ ಸಾಲಾಗಿ ಮಲಗಿರುತ್ತವೆ. ಅಪಧಮನಿಯ ನಡುಪದರದಲ್ಲಿ ಅವು ಬಹುಮಟ್ಟಿಗೆ ಕೊಳವೆಯನ್ನು ಸುತ್ತುವರಿದಿರುತ್ತವೆ. ಕಣ್ಣಿನ ಕಾರ್ನಿಯಾದಲ್ಲಂತೂ ಸುಮಾರು ಅರ್ಧ ಮಿಲಿಮೀಟರ್ ದಪ್ಪದೊಳಗೆ ಇನ್ನೂರಕ್ಕೂ ಹೆಚ್ಚು ಪದರಗಳಿದ್ದು, ಒಂದರ ಎಳೆಗಳು ಇನ್ನೊಂದರ ಎಳೆಗಳಿಗೆ ಮಗ್ಗದ ಹಾಸು-ಹೊಕ್ಕಿನಂತೆ ಅಡ್ಡಲಾಗಿ ಸಾಗುತ್ತವೆ.

ಈ ದಿಕ್ಕು ಬರಿಯ ಅಂದಕ್ಕಾಗಿ ಇರುವುದಲ್ಲ. ಅಂಗಾಂಶ ಎಷ್ಟು ಎಳೆತ ತಡೆಯುತ್ತದೆ ಎಂಬುದು ಅದನ್ನೇ ಅವಲಂಬಿಸಿದೆ. ಜೀವಕೋಶಗಳೂ ಎಳೆ ಚಾಚಿದ ಕಡೆಗೇ ಉದ್ದವಾಗಿ ಚಾಚಿ, ಅದರ ಗುಂಟ ಸಾಗಿ, ತಾವು ಹೊಸದಾಗಿ ಸ್ರವಿಸುವ ಎಳೆಗಳನ್ನೂ ಅದೇ ದಿಕ್ಕಿನಲ್ಲಿ ಹಾಸುತ್ತವೆ. ಎಳೆಗಳಿಗೆ ದಿಕ್ಕು ಕೊಡುವ ವಿಧಾನಗಳು ಹಲವಿದ್ದು, ಕಾಂತಕ್ಷೇತ್ರ ಅವುಗಳಲ್ಲಿ ಒಂದು. ಪ್ರಬಲ ಅಯಸ್ಕಾಂತ, ಕಬ್ಬಿಣದ ಕಣ ಬೆರೆಸಿದ ದುರ್ಬಲ ಅಯಸ್ಕಾಂತ, ಯಾಂತ್ರಿಕ ಹಿಡಿತ, ವಿದ್ಯುತ್ ನೂಲುವಿಕೆ, ಹರಿವು ಇವುಗಳಲ್ಲಿ ಯಾವುದನ್ನು ಯಾವಾಗ ಆಯ್ದುಕೊಳ್ಳಬೇಕು ಎಂಬುದನ್ನು ತೂಗಿ ನೋಡುವುದು ಈ ಬರಹದ ಕೆಲಸ. ಹೊಸದಾಗಿ ಪ್ರಯೋಗ ಯೋಜಿಸುತ್ತಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಉಪಕರಣ ಹುಡುಕುವ ಮೊದಲು ಮೂರು ಸಂಗತಿಗಳನ್ನು ಖಚಿತ ಮಾಡಿಕೊಳ್ಳಬೇಕು. ಎಳೆಗಳು ಸಾಲುಗೂಡುವ ಹೊತ್ತಿನಲ್ಲಿ ಜೀವಕೋಶಗಳು ಒಳಗೇ ಇರಬೇಕೇ, ಅಥವಾ ಆಮೇಲೆ ಬಿತ್ತಿದರೂ ನಡೆಯುತ್ತದೆಯೇ ಎಂಬುದು ಮೊದಲನೆಯದು. ಅರ್ಧಕ್ಕರ್ಧ ವಿಧಾನಗಳು ಈ ಒಂದು ಪ್ರಶ್ನೆಯಲ್ಲೇ ಸೋಸಿಹೋಗುತ್ತವೆ. ಅಂಗಾಂಶ ಎಷ್ಟು ದಪ್ಪವಿರಬೇಕು ಎಂಬುದು ಎರಡನೆಯದು. ಇಡೀ ತುಂಡಿಗೆ ಒಂದೇ ದಿಕ್ಕು ಸಾಕೇ ಅಥವಾ ಪದರದಿಂದ ಪದರಕ್ಕೆ ದಿಕ್ಕು ಬದಲಾಗಬೇಕೇ ಎಂಬುದು ಮೂರನೆಯದು. ಇವಕ್ಕೆ ಉತ್ತರವಿಲ್ಲದೆ ಅಯಸ್ಕಾಂತದ ಬಳಿಗೆ ಹೋದವರು ಸಾಮಾನ್ಯವಾಗಿ ಚೆಂದದ ಒಂದು ಚಿತ್ರವನ್ನು ಪಡೆಯುತ್ತಾರೆ, ಅಂಗಾಂಶವನ್ನಲ್ಲ.

ಪ್ರಬಲ ಅಯಸ್ಕಾಂತದ ದಾರಿ

ಕೊಲ್ಯಾಜೆನ್‌ನಲ್ಲಿ ಕಬ್ಬಿಣವಿಲ್ಲ, ಆದರೂ ಅದು ಅಯಸ್ಕಾಂತಕ್ಕೆ ಓಗೊಡುತ್ತದೆ. ಪ್ರೋಟೀನಿನಲ್ಲಿ ಅಮೈನೊ ಆಮ್ಲಗಳನ್ನು ಕೊಂಡಿಹಾಕುವ ಪೆಪ್ಟೈಡ್ ಬಂಧಗಳ ಡಯಾಮ್ಯಾಗ್ನೆಟಿಕ್ ಸ್ವಭಾವ (ಕಾಂತಕ್ಷೇತ್ರವನ್ನು ತುಸುವೇ ವಿರೋಧಿಸುವ ಗುಣ) ಎಲ್ಲ ದಿಕ್ಕುಗಳಲ್ಲೂ ಒಂದೇ ಸಮನಾಗಿರುವುದಿಲ್ಲ. ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ 1979ರಲ್ಲಿ ಈ ಅಸಮಾನತೆಯ ಲೆಕ್ಕವನ್ನು ಮುಂದಿಟ್ಟರು. ಒಂದು ಬಂಧದ ಮೇಲೆ ಬೀಳುವ ತಿರುಚು ಲೆಕ್ಕಕ್ಕೆ ಬಾರದಷ್ಟು ಚಿಕ್ಕದು. ಸುಮಾರು 300 ನ್ಯಾನೊಮೀಟರ್ ಉದ್ದದ ಒಂದು ಕೊಲ್ಯಾಜೆನ್ ಅಣುವಿನಲ್ಲಿ ಮೂರು ಸರಪಳಿಗಳು, ಪ್ರತಿಯೊಂದರಲ್ಲಿ ಸಾವಿರದಷ್ಟು ಅಮೈನೊ ಆಮ್ಲಗಳು ಇದ್ದರೂ ಉಷ್ಣದ ಕುಲುಕಾಟವೇ ಮೇಲುಗೈ ಪಡೆಯುತ್ತದೆ. ಆದರೆ ಹೆಪ್ಪುಗಟ್ಟುವಾಗ ಅಣುಗಳು ಕಟ್ಟುಕಟ್ಟಾಗಿ ಕೂಡಿಕೊಳ್ಳುತ್ತವೆ. ಒಂದು ಕಟ್ಟಿನಲ್ಲಿ ಸಾಕಷ್ಟು ಅಣುಗಳು ಸೇರಿದ ಕೂಡಲೇ ಅವುಗಳ ಚಿಕ್ಕ ತಿರುಚುಗಳೆಲ್ಲ ಒಟ್ಟುಗೂಡಿ ಕುಲುಕಾಟವನ್ನು ಮೀರುತ್ತವೆ. ಆಗ ಇಡೀ ಕಟ್ಟು ನಿಧಾನವಾಗಿ ತಿರುಗುತ್ತದೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕೆಲಸ ಮಾಡುತ್ತಿದ್ದ ಜಿಮ್ ಟಾರ್ಬೆಟ್ ಮತ್ತು ಸಂಗಡಿಗರು 1981ರಲ್ಲಿ, ರಕ್ತ ಹೆಪ್ಪುಗಟ್ಟುವಾಗ ಎಳೆಗಟ್ಟುವ ಪ್ರೋಟೀನಾದ ಫೈಬ್ರಿನ್‌ನಲ್ಲೂ 1984ರಲ್ಲಿ ಕೊಲ್ಯಾಜೆನ್‌ನಲ್ಲೂ ಇದನ್ನು ತೋರಿಸಿದರು. ಇವೆರಡರ ನಡುವಿನ ವ್ಯತ್ಯಾಸವನ್ನು ಮೊದಲ ದಿನವೇ ನೆನಪಿನಲ್ಲಿ ಇಟ್ಟುಕೊಳ್ಳಬೇಕು: ಫೈಬ್ರಿನ್ ಎಳೆಗಳು ಕ್ಷೇತ್ರಕ್ಕೆ ಸಮಾನಾಂತರವಾಗಿ ನಿಲ್ಲುತ್ತವೆ, ಕೊಲ್ಯಾಜೆನ್ ಎಳೆಗಳು ಕ್ಷೇತ್ರಕ್ಕೆ ಅಡ್ಡಲಾಗಿ ನಿಲ್ಲುತ್ತವೆ. ಅಡ್ಡಲಾಗಿ ಎಂದಮಾತ್ರಕ್ಕೆ ದಿಕ್ಕು ತೀರ್ಮಾನವಾದಂತಲ್ಲ ಎಂಬುದೇ ಇಲ್ಲಿ ಎಡವಿಸುವ ಕಲ್ಲು. ನೆಟ್ಟಗೆ ನಿಂತ ಕಂಬಕ್ಕೆ ಅಡ್ಡಲಾಗಿ ಕೋಲು ಹಿಡಿಯಿರಿ ಎಂದರೆ ಪೂರ್ವ-ಪಶ್ಚಿಮವಾಗಿಯೂ ಹಿಡಿಯಬಹುದು, ಉತ್ತರ-ದಕ್ಷಿಣವಾಗಿಯೂ ಹಿಡಿಯಬಹುದು. ಹಾಗೆಯೇ ಮೇಲಿನಿಂದ ಕೆಳಕ್ಕೆ ಕ್ಷೇತ್ರವಿರುವ ಯಂತ್ರದೊಳಗೆ ಕೊಲ್ಯಾಜೆನ್ ತಟ್ಟೆಯನ್ನು ಮಟ್ಟಸವಾಗಿ ಇಟ್ಟರೆ ಎಳೆಗಳು ಮಟ್ಟಸವಾಗಿಯೇನೋ ಮಲಗುತ್ತವೆ. ಮಲಗಿದ ಮೇಲೆ ಯಾವ ಕಡೆಗೆ ತಲೆ ಹಾಕಬೇಕೆಂಬುದಕ್ಕೆ ಕಟ್ಟುಪಾಡಿಲ್ಲ. ಜೆಲ್ ತೆಳುವಾಗಿರಬೇಕು, ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ ಕ್ಷೇತ್ರ ಆ ತೆಳು ಪದರದ ಮೈಗುಂಟ ಹಾಯುವಂತೆ ನೋಡಿಕೊಳ್ಳಬೇಕು. ಆಗ ಎಳೆಗಳಿಗೆ ಒಂದೇ ಹಾದಿ ಉಳಿಯುತ್ತದೆ. ದಪ್ಪ ತುಂಡೇ ಬೇಕಾದರೆ, ಎಳೆಗಳು ಯಾವ ದಿಕ್ಕಿನಲ್ಲಿ ಇರಬೇಕೋ ಅದನ್ನೇ ಅಕ್ಷವಾಗಿ ಮಾಡಿಕೊಂಡು, ಆ ಅಕ್ಷವನ್ನು ಕ್ಷೇತ್ರಕ್ಕೆ ಅಡ್ಡಲಾಗಿಟ್ಟು ಮಾದರಿಯನ್ನು ಸುತ್ತಿಸಬೇಕು. ಸುತ್ತುವ ಕ್ಷೇತ್ರಕ್ಕೆ ಸದಾ ಅಡ್ಡಲಾಗಿ ಉಳಿಯುವ ದಿಕ್ಕು ಆ ಅಕ್ಷವೊಂದೇ.

ಈ ಅಡ್ಡ ಸ್ವಭಾವ ಕೆಲವೆಡೆ ಕಾಟ ಕೊಟ್ಟರೂ ಕೊಳವೆಯ ವಿಷಯದಲ್ಲಿ ಅದೇ ವರವಾಗುತ್ತದೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಟ್ರಾಂಕ್ವಿಲ್ಲೊ ಅವರ ತಂಡ 1996ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕೊಳವೆಯಾಕಾರದ ಅಚ್ಚಿನಲ್ಲಿ ಕೊಲ್ಯಾಜೆನ್ ಮತ್ತು ಜೀವಕೋಶಗಳನ್ನು ಸುರಿದು, ಕ್ಷೇತ್ರ ಕೊಳವೆಯ ಉದ್ದಕ್ಕೆ ಹಾಯುವಂತೆ ಇಟ್ಟಾಗ ಎಳೆಗಳು ಅಪಧಮನಿಯಲ್ಲಿರುವಂತೆ ಸುತ್ತುವರಿದು ನಿಂತವು. ಅಣುಗಳ ರಚನೆ ಅರಿಯಲು ಬಳಸುವ, ಪ್ರಬಲ ಅಯಸ್ಕಾಂತವಿರುವ ಎನ್‌ಎಮ್‌ಆರ್ ಯಂತ್ರದ ಬಾಯಿ ನೆಟ್ಟಗಿರುತ್ತದೆ, ಕೊಳವೆಯನ್ನೂ ನೆಟ್ಟಗೆ ಇಳಿಬಿಡಬಹುದು. ಯಂತ್ರಕ್ಕೂ ಅಂಗಾಂಶಕ್ಕೂ ಜಾತಕ ಕೂಡಿಬಂದಂತೆ. ಇದಕ್ಕೂ ಮೊದಲು, 1993ರಲ್ಲಿ, ಅದೇ ತಂಡ ಹೀಗೆ ಸಾಲುಗೂಡಿದ ಜೆಲ್‌ಗಳನ್ನು ಬಳಸಿ ಜೀವಕೋಶಗಳು ಎಳೆಯ ದಿಕ್ಕನ್ನು ಎಷ್ಟರ ಮಟ್ಟಿಗೆ ಅನುಸರಿಸುತ್ತವೆ ಎಂಬುದನ್ನು ಅಳೆದಿತ್ತು. ಟಾರ್ಬೆಟ್ ಮತ್ತು ಸಂಗಡಿಗರು 2007ರಲ್ಲಿ 7 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ) ಕ್ಷೇತ್ರದಲ್ಲಿ ಒಂದು ಪದರ ಹೆಪ್ಪುಗಟ್ಟಿದ ಮೇಲೆ ಅದನ್ನು 90 ಡಿಗ್ರಿ ತಿರುಗಿಸಿ ಮುಂದಿನದನ್ನು ಹಾಕುವ ಕ್ರಮದಲ್ಲಿ ಕಾರ್ನಿಯಾಕ್ಕೆ ಒಪ್ಪುವ ಹಾಸು-ಹೊಕ್ಕಿನ ಚೌಕಟ್ಟನ್ನು ಕಟ್ಟಿದರು. ಹೆಪ್ಪುಗಟ್ಟಿದ ಪದರ ಮತ್ತೆ ತಿರುಗುವುದಿಲ್ಲ ಎಂಬ ಸಂಗತಿಯನ್ನೇ ಇಲ್ಲಿ ಉಪಯೋಗಕ್ಕೆ ತಂದುಕೊಂಡಿದ್ದಾರೆ.

ಎಷ್ಟು ಬಲದ ಅಯಸ್ಕಾಂತ ಬೇಕು? ತಿರುಗಿಸುವ ಶಕ್ತಿ ಕ್ಷೇತ್ರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1.5 ಟೆಸ್ಲಾದಿಂದ 3 ಟೆಸ್ಲಾಗೆ ಹೋದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, 3ರಿಂದ 9.4ಕ್ಕೆ ಹೋದರೆ ಹೆಚ್ಚುಕಡಿಮೆ ಹತ್ತು ಪಟ್ಟು. ಆದ್ದರಿಂದ ಮೇಜಿನ ಮೇಲಿಡುವ ನಿಯೋಡೈಮಿಯಮ್ ಅಯಸ್ಕಾಂತದಿಂದ, ಅದರ ಕ್ಷೇತ್ರ ಟೆಸ್ಲಾದ ಒಂದು ಭಾಗವಷ್ಟೇ ಇರುವುದರಿಂದ, ಶುದ್ಧ ಕೊಲ್ಯಾಜೆನ್ ಸಾಲುಗೂಡುತ್ತದೆ ಎಂದು ನಿರೀಕ್ಷಿಸುವುದು ವ್ಯರ್ಥ. ಪ್ರಕಟವಾದ ಕೆಲಸಗಳು ಬಹುತೇಕ 4 ಟೆಸ್ಲಾ ಮತ್ತು ಅದಕ್ಕಿಂತ ಮೇಲಿನವು. ಹೀಗೆಂದ ಮೇಲೆ ಯಂತ್ರ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ಬರುತ್ತದೆ. ರಸಾಯನಶಾಸ್ತ್ರ ವಿಭಾಗಗಳಲ್ಲಿರುವ 400 ಮೆಗಾಹರ್ಟ್ಸ್ ಎನ್‌ಎಮ್‌ಆರ್ ಯಂತ್ರವೆಂದರೆ 9.4 ಟೆಸ್ಲಾ ಅಯಸ್ಕಾಂತವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಮ್‌ಆರ್ ಸಂಶೋಧನಾ ಕೇಂದ್ರದಲ್ಲಿ ಇಂಥ ಪ್ರಬಲ ಯಂತ್ರಗಳಿವೆ. ಆದರೆ ಇಂಥ ಯಂತ್ರದ ಬಾಯಿ ಸಾಮಾನ್ಯವಾಗಿ ಐದು ಸೆಂಟಿಮೀಟರ್ ಆಸುಪಾಸು, ಒಳಗೆ ಕೂತಿರುವ ಪ್ರೋಬ್ (ಸಂಕೇತ ಹಿಡಿಯುವ ಭಾಗ) ತೆಗೆಯದೆ ನಮ್ಮ ಅಚ್ಚು ಇಳಿಯುವುದಿಲ್ಲ, ಮತ್ತು ಸರದಿಯಲ್ಲಿ ಕಾಯುತ್ತಿರುವ ರಸಾಯನಶಾಸ್ತ್ರಜ್ಞರ ನಡುವೆ ಪ್ರೋಬ್ ತೆಗೆಸುವುದೆಂದರೆ ಭೌತಶಾಸ್ತ್ರಕ್ಕಿಂತ ಲೋಕಜ್ಞಾನ ಹೆಚ್ಚು ಬೇಡುವ ಕೆಲಸ. ಆಸ್ಪತ್ರೆಯ 3 ಟೆಸ್ಲಾ ಎಮ್‌ಆರ್‌ಐ ಯಂತ್ರದಲ್ಲಿ ಜಾಗಕ್ಕೆ ಬರವಿಲ್ಲ, ಬಲಕ್ಕೆ ಬರ.

ಹೆಪ್ಪುಗಟ್ಟುವ ಆ ಹೊತ್ತು ಎಷ್ಟು ಸೂಕ್ಷ್ಮವೆಂಬುದನ್ನು ನಾನು ಕಲಿತದ್ದು ಕೆಟ್ಟ ಜೆಲ್ ಒಂದರಿಂದ. ಕೊಲ್ಯಾಜೆನ್ ದ್ರಾವಣಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಸೇರಿಸುತ್ತ ಹೋದಾಗ ಅದರಲ್ಲಿರುವ ಫೀನಾಲ್ ರೆಡ್ ಎಂಬ ಬಣ್ಣಸೂಚಕ ಹಳದಿಯಿಂದ ಕಿತ್ತಳೆಗೆ, ಅಲ್ಲಿಂದ ತಿಳಿಗೆಂಪಿಗೆ ತಿರುಗುತ್ತದೆ. ಆ ಬಣ್ಣ ಬಂದ ಕ್ಷಣದಿಂದ ಗಡಿಯಾರ ಓಡತೊಡಗುತ್ತದೆ. ಮಂಜುಗಡ್ಡೆಯ ಡಬ್ಬಿಯಲ್ಲಿ ಅಚ್ಚನ್ನಿಟ್ಟುಕೊಂಡು ಎರಡನೆಯ ಮಹಡಿಯಿಂದ ನೆಲಮಾಳಿಗೆಯ ಯಂತ್ರದ ಕೋಣೆಗೆ ಇಳಿದು, ಅಲ್ಲಿ ಕೀಲಿಕೈ ಇದ್ದವರಿಗಾಗಿ ಕಾಯುತ್ತ ನಿಂತೆ. ಅಷ್ಟರಲ್ಲಿ ಮಂಜು ಕರಗಿ ಅಚ್ಚು ಒಂದು ಬದಿಗೆ ವಾಲಿತ್ತು. ಮರುದಿನ, ಸಾಲುಗೂಡಿದ ಎಳೆಗಳನ್ನು ಹೊಳೆಯುವಂತೆ ತೋರಿಸುವ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಡುಭಾಗ ಚೆನ್ನಾಗಿ ಹೊಳೆಯುತ್ತಿತ್ತು, ಅಂಚಿನ ಒಂದು ಬೆರಳಗಲದ ಪಟ್ಟಿ ಮಾತ್ರ ಎಷ್ಟು ತಿರುಗಿಸಿದರೂ ಮಂಕಾಗಿಯೇ ಉಳಿಯಿತು. ಆ ಪಟ್ಟಿ ಯಂತ್ರ ಸೇರುವ ಮೊದಲೇ ಹೆಪ್ಪುಗಟ್ಟಿತ್ತು. ಎಳೆಗಳು ಒಂದಕ್ಕೊಂದು ಹೆಣೆದುಕೊಂಡ ಮೇಲೆ ಎಷ್ಟು ಟೆಸ್ಲಾ ಇಟ್ಟರೂ ಅವು ತಿರುಗುವುದಿಲ್ಲ. ಹಾಗಾಗಿ ದ್ರಾವಣವನ್ನು ಯಂತ್ರದ ಬಳಿಯಲ್ಲೇ ತಯಾರಿಸಬೇಕು, ಯಂತ್ರದ ಬಾಯಿಯೊಳಗೆ ಬೆಚ್ಚಗಿನ ನೀರು ಹರಿಯುವ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲೇ ಸಿದ್ಧವಾಗಿಟ್ಟಿರಬೇಕು, ಶಾಖವನ್ನು ನಿಧಾನವಾಗಿ ಏರಿಸಬೇಕು. ಮೆಲ್ಲನೆ ಹೆಪ್ಪುಗಟ್ಟಿದ ಜೆಲ್‌ನಲ್ಲಿ ಎಳೆಗಳಿಗೆ ತಿರುಗಲು ಬಿಡುವು ಸಿಗುತ್ತದೆ. ಉಕ್ಕಿನ ಚಿಮುಟವನ್ನು ಆ ಕೋಣೆಗೆ ಒಯ್ಯಬಾರದೆಂದು ಹೇಳಬೇಕಾಗಿಲ್ಲ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಒಳಗೆ ಹೋಗಲೇಬಾರದು.

ಫೈಬ್ರಿನ್ ಬಳಸುವವರಿಗೆ ಈ ತಲೆನೋವುಗಳಲ್ಲಿ ಕೆಲವು ಇಲ್ಲ. ಅದು ಕ್ಷೇತ್ರದ ದಿಕ್ಕಿನಲ್ಲೇ ನಿಲ್ಲುವುದರಿಂದ ತಟ್ಟೆಯನ್ನು ಹೇಗಿಡಬೇಕೆಂಬ ಗೊಂದಲವಿಲ್ಲ. ಅದನ್ನು ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್‌ನ ಪ್ರಮಾಣವನ್ನು ತಗ್ಗಿಸಿ ಹೆಪ್ಪುಗಟ್ಟುವ ವೇಗವನ್ನು ಹತೋಟಿಯಲ್ಲಿಡಬಹುದು. ಆದರೆ ಜೀವಕೋಶಗಳು ಫೈಬ್ರಿನ್‌ನನ್ನು ಬೇಗ ಕರಗಿಸುತ್ತವೆ, ಅದನ್ನು ತಡೆಯುವ ಔಷಧವನ್ನು ಪೋಷಕ ದ್ರಾವಣಕ್ಕೆ ಸೇರಿಸುತ್ತಿರಬೇಕು.

ಕಣ ಬೆರೆಸಿ ದುರ್ಬಲ ಅಯಸ್ಕಾಂತ ಬಳಸುವುದು

ಹಲವು ಟೆಸ್ಲಾದ ಯಂತ್ರ ಕೈಗೆಟುಕದವರಿಗೆ ಎರಡನೆಯ ದಾರಿಯಿದೆ. ಜೆಲ್ ಹೆಪ್ಪುಗಟ್ಟುವ ಮೊದಲು ಐರನ್ ಆಕ್ಸೈಡ್‌ನ ಅತಿಸಣ್ಣ ಕಣಗಳನ್ನು ಬೆರೆಸಿ, ಸಾಮಾನ್ಯ ಅಯಸ್ಕಾಂತದ ಬಳಿ ಇಡುವುದು. ಇಲ್ಲಿ ತಿರುಗುವುದು, ಸರಿಯುವುದು ಪ್ರೋಟೀನ್ ತಾನಾಗಿ ಅಲ್ಲ; ಕಣಗಳು ಸರಪಳಿಗಟ್ಟುವಾಗ, ಚಲಿಸುವಾಗ ತಮ್ಮ ನಡುವೆ ಸಿಕ್ಕ ಎಳೆಗಳನ್ನು ಜೊತೆಗೆ ಎಳೆದುಕೊಂಡು ಹೋಗುತ್ತವೆ. ಆದ್ದರಿಂದ ಕೊಲ್ಯಾಜೆನ್ ಈ ವಿಧಾನದಲ್ಲಿ ಕ್ಷೇತ್ರಕ್ಕೆ ಅಡ್ಡಲಾಗಿ ಅಲ್ಲದೆ ಕ್ಷೇತ್ರದ ಗುಂಟವೇ ಸಾಲುಗೂಡುತ್ತದೆ. ಪ್ರಬಲ ಅಯಸ್ಕಾಂತದ ಪ್ರಬಂಧ ಓದಿ, ಕಣಗಳ ಪ್ರಯೋಗ ಮಾಡಿ, ದಿಕ್ಕು ತಿರುವುಮುರುವಾಗಿದೆಯೆಂದು ಗಾಬರಿಯಾಗುವವರಿದ್ದಾರೆ. ಎರಡರ ಹಿಂದಿನ ಕಾರಣವೇ ಬೇರೆ ಎಂದು ತಿಳಿದರೆ ಗಾಬರಿ ಇರುವುದಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದ ಲಾರಾ ಕೌಫ್‌ಮನ್ ಅವರ ತಂಡ 2007ರಲ್ಲಿ ಕೊಲ್ಯಾಜೆನ್‌ನೊಂದಿಗೆ ಇಂಥ ಕಣಗಳನ್ನು ಬೆರೆಸಿ ಅಲ್ಪ ಕ್ಷೇತ್ರದಲ್ಲೇ ಎಳೆಗಳನ್ನು ಸಾಲುಗೂಡಿಸಿತು. ಇಸ್ರೇಲಿನ ಬಾರ್ ಇಲಾನ್ ವಿಶ್ವವಿದ್ಯಾಲಯದ ಓರಿಟ್ ಶೆಫಿ ಅವರ ತಂಡ 2016ರಲ್ಲಿ ಇದೇ ಜಾಡಿನಲ್ಲಿ ನರಕೋಶಗಳ ಬೆಳವಣಿಗೆಗೆ ದಿಕ್ಕು ಕೊಟ್ಟಿತು. ಜರ್ಮನಿಯ ಆಖೆನ್‌ನಲ್ಲಿ ಲಾರಾ ಡೆ ಲಾಪೋರ್ಟ್ ಅವರ ತಂಡ 2017ರಲ್ಲಿ ತೋರಿಸಿದ್ದು ಇನ್ನೂ ಜಾಣತನದ ಉಪಾಯ. ಅವರು ಕಣಗಳನ್ನು ಬಿಡಿಬಿಡಿಯಾಗಿ ಬೆರೆಸದೆ, ಅವುಗಳನ್ನು ಕಡ್ಡಿಯಾಕಾರದ ಮೃದುವಾದ ಸೂಕ್ಷ್ಮ ಜೆಲ್ ತುಣುಕುಗಳೊಳಗೆ ಅಡಗಿಸಿದರು. ಟೆಸ್ಲಾದ ಹತ್ತನೆಯ ಒಂದು ಪಾಲಿನ ಆಸುಪಾಸಿನ ಕ್ಷೇತ್ರದಲ್ಲಿ ಕಡ್ಡಿಗಳು ಸಾಲಾಗಿ ನಿಲ್ಲುತ್ತವೆ, ಸುತ್ತಲಿನ ಜೆಲ್ ಗಟ್ಟಿಯಾಗುತ್ತದೆ, ಆಮೇಲೆ ಅಯಸ್ಕಾಂತ ತೆಗೆದರೂ ಕಡ್ಡಿಗಳು ಅಲ್ಲೇ ಉಳಿಯುತ್ತವೆ. ಸಿರಿಂಜಿನಿಂದ ಚುಚ್ಚಿ ಹಾಕಿ ಆ ಜಾಗದಲ್ಲೇ ದಿಕ್ಕು ಕೊಡಬಹುದಾದ ಜೆಲ್ ಬೇಕೆಂದಾದರೆ ನನ್ನ ಮೊದಲ ಆಯ್ಕೆ ಇದೇ. ದೇಹದೊಳಗಿನ ಗಾಯದಲ್ಲಿ, ಉದಾಹರಣೆಗೆ ಬೆನ್ನುಹುರಿಯಲ್ಲಿ, ಮೊದಲೇ ಗಟ್ಟಿಯಾದ ತುಂಡನ್ನು ಕೂರಿಸಲು ಹೋದರೆ ಇನ್ನಷ್ಟು ಹಾನಿಯಾಗಬಹುದು.

ಕಣಗಳ ದಾರಿಯಲ್ಲಿ ಎರಡು ಹಳ್ಳಗಳಿವೆ. ಒಂದೇ ಬದಿಯಲ್ಲಿ ಅಯಸ್ಕಾಂತ ಇಟ್ಟರೆ ಕ್ಷೇತ್ರ ಎಲ್ಲೆಡೆ ಒಂದೇ ಸಮನಾಗಿರದ ಕಾರಣ ಕಣಗಳು ಸಾಲುಗೂಡುವುದಷ್ಟೇ ಅಲ್ಲ, ಆ ಬದಿಗೆ ಹೋಗಿ ಗುಡ್ಡೆ ಬೀಳುತ್ತವೆ. ಜೆಲ್‌ನ ಒಂದು ಅಂಚು ಕಂದಾಗಿ ಇನ್ನೊಂದು ಬೋಳಾಗಿ ಉಳಿಯುತ್ತದೆ. ಎದುರುಬದುರಾಗಿ ಎರಡು ಅಯಸ್ಕಾಂತಗಳನ್ನು ನಿಲ್ಲಿಸಿ ನಡುವಿನ ಸಮಕ್ಷೇತ್ರದಲ್ಲಿ ಮಾದರಿಯನ್ನಿಡುವುದು ಇದಕ್ಕೆ ಪರಿಹಾರ. ಎರಡನೆಯದು, ಕಣಗಳು ಅಂಗಾಂಶದಲ್ಲೇ ಉಳಿದುಬಿಡುತ್ತವೆ ಎಂಬುದು. ಐರನ್ ಆಕ್ಸೈಡ್ ದೇಹಕ್ಕೆ ತೀರ ಅಪರಿಚಿತವಲ್ಲ. ರಕ್ತಹೀನತೆಗೆ ಕೊಡುವ ಫೆರುಮೊಕ್ಸಿಟಾಲ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2009ರಲ್ಲೇ ಅನುಮತಿ ಸಿಕ್ಕಿದೆ, ಅದೂ ಐರನ್ ಆಕ್ಸೈಡ್ ಕಣಗಳದ್ದೇ. ಆದರೂ ಜೀವಕೋಶಗಳು ಕಣಗಳನ್ನು ನುಂಗುತ್ತವೆ, ಆಮೇಲೆ ಎಮ್‌ಆರ್‌ಐ ಚಿತ್ರ ತೆಗೆದರೆ ಆ ಜಾಗ ಕಪ್ಪು ಮಚ್ಚೆಯಾಗಿ ಕಾಣುತ್ತದೆ, ಮತ್ತು ಕಾರ್ನಿಯಾದಂಥ ಪಾರದರ್ಶಕ ಅಂಗಾಂಶಕ್ಕೆ ಕಂದು ಕಣ ಬೆರೆಸುವುದು ಕಿಟಕಿಯ ಗಾಜಿಗೆ ಮಸಿ ಬಳಿದಂತೆ.

ಅಯಸ್ಕಾಂತವಿಲ್ಲದ ದಾರಿಗಳು

ಇವುಗಳಲ್ಲಿ ಹಳೆಯದೂ, ನನ್ನ ಲೆಕ್ಕದಲ್ಲಿ ಅತ್ಯಂತ ಕಡಿಮೆ ಬೆಲೆಗೆ ಸಿಗುವುದೂ ಜೀವಕೋಶಗಳಿಂದಲೇ ಕೆಲಸ ಮಾಡಿಸುವ ವಿಧಾನ. ಅಂಗಾಂಶದ ಎಳೆಗಳನ್ನು ಸ್ರವಿಸುವ ಫೈಬ್ರೊಬ್ಲಾಸ್ಟ್ ಕೋಶಗಳು ಕೊಲ್ಯಾಜೆನ್ ಜೆಲ್ಲನ್ನು ಹಿಡಿದೆಳೆದು ಕುಗ್ಗಿಸುತ್ತವೆ ಎಂಬುದನ್ನು ಯೂಜೀನ್ ಬೆಲ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ಜೆಲ್‌ನ ಎರಡು ತುದಿಗಳನ್ನು ಕಂಬಗಳಿಗೆ ಬಿಗಿದರೆ ಅದು ಉದ್ದಕ್ಕೆ ಕುಗ್ಗಲಾರದೆ ಅಡ್ಡಕ್ಕಷ್ಟೇ ಕುಗ್ಗುತ್ತದೆ, ಎಳೆಗಳು ಕಂಬದಿಂದ ಕಂಬಕ್ಕೆ ಸಾಲುಗೂಡುತ್ತವೆ. ಹೃದಯ ಸ್ನಾಯುವಿನ ಪಟ್ಟಿಗಳನ್ನು ಎರಡು ಸಿಲಿಕೋನ್ ಕಂಬಗಳ ನಡುವೆ ಬೆಳೆಸುವವರು ನೆಚ್ಚಿರುವುದು ಇದನ್ನೇ. ಕೊಳವೆಯನ್ನು ಅಂಟು ಹಿಡಿಯದ ನುಣುಪು ಸಲಾಕೆಯ ಮೇಲೆ ಬೆಳೆಸಿದರೆ ಅದು ಉದ್ದಕ್ಕೆ ಕುಗ್ಗಲು ಬಿಡುವಿದ್ದು ಸುತ್ತಳತೆಯಲ್ಲಿ ಕುಗ್ಗಲಾರದೆ, ಎಳೆಗಳು ಸುತ್ತುವರಿದು ನಿಲ್ಲುತ್ತವೆ. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತವೆ. ಮೂಲೆಗಳಲ್ಲೂ ಕಂಬದ ಬಳಿಯಲ್ಲೂ ಎಳೆಗಳು ಅಡ್ಡಾದಿಡ್ಡಿಯಾಗುತ್ತವೆ. ಎಳೆಯುವ ಕಸುವಿಲ್ಲದ ಕೋಶಗಳಿದ್ದರೆ, ನರಕೋಶಗಳಂತೆ, ಈ ವಿಧಾನ ನಡೆಯುವುದೇ ಇಲ್ಲ.

ವಿದ್ಯುತ್ ನೂಲುವಿಕೆಯಲ್ಲಿ ಪಾಲಿಮರ್ ದ್ರಾವಣವನ್ನು 10ರಿಂದ 30 ಕಿಲೋವೋಲ್ಟ್ ಒತ್ತಡದಲ್ಲಿ ಸೂಜಿಯ ಮೊನೆಯಿಂದ ಚಿಮ್ಮಿಸಿ, ಜೋರಾಗಿ ಸುತ್ತುವ ಉರುಳೆಯ ಮೇಲೆ ಸುತ್ತಿಕೊಳ್ಳುತ್ತಾರೆ. ರಾಟೆಯ ಕೆಲಸದಂತೆ ಕಂಡರೂ ಎಳೆಯ ದಪ್ಪ ಮೈಕ್ರೊಮೀಟರ್‌ಗಿಂತ ಕಡಿಮೆಯಿರಬಹುದು. ಸಾಲುಗೂಡುವಿಕೆಯ ಅಚ್ಚುಕಟ್ಟುತನ, ಎಳೆತ ತಡೆಯುವ ಬಲ ಎರಡರಲ್ಲೂ ಇದಕ್ಕೆ ಸಾಟಿಯಿಲ್ಲ. ಆದರೆ ದ್ರಾವಕಗಳು ವಿಷಕಾರಿ, ಆದ್ದರಿಂದ ಜೀವಕೋಶಗಳನ್ನು ಆಮೇಲೆ ಬಿತ್ತಬೇಕು. ಎಳೆಗಳ ನಡುವಿನ ಸಂದು ಎಷ್ಟು ಕಿರಿದೆಂದರೆ ಕೋಶಗಳು ಮೇಲ್ಮೈಯಲ್ಲೇ ಉಳಿದು ಒಳಗಿಳಿಯಲು ತಿಣುಕುತ್ತವೆ. ಕೊಲ್ಯಾಜೆನ್ನನ್ನೇ ಫ್ಲೋರಿನ್‌ಯುಕ್ತ ಆಲ್ಕೊಹಾಲ್‌ನಲ್ಲಿ ಕರಗಿಸಿ ನೂತರೆ ಅದರ ಮೂರೆಳೆಯ ಸುರುಳಿ ಬಿಚ್ಚಿಹೋಗಿ ಜೆಲಟಿನ್ ಆಗುತ್ತದೆ ಎಂದು 2008ರ ಒಂದು ಅಧ್ಯಯನ ಎಚ್ಚರಿಸಿದೆ. ದುಬಾರಿ ಕೊಲ್ಯಾಜೆನ್ ಕೊಂಡು ಅಗ್ಗದ ಜೆಲಟಿನ್ ಮಾಡಿಕೊಳ್ಳುವ ಮೊದಲು ಇದನ್ನು ಯೋಚಿಸಬೇಕು.

ಹರಿವಿನಿಂದ ಸಾಲುಗೂಡಿಸುವುದು ಶಾವಿಗೆ ಒರಳಿನ ತತ್ತ್ವ: ಕಿರಿದಾದ ಕಾಲುವೆಯಲ್ಲಿ, ಇಲ್ಲವೇ ಜೆಲ್ ಮುದ್ರಿಸುವ 3ಡಿ ಮುದ್ರಕದ ಸೂಜಿಯಲ್ಲಿ ಹಾಯುವಾಗ ಎಳೆಗಳು ಹರಿವಿನ ಗುಂಟ ಮಲಗುತ್ತವೆ. ನೂರು ಮೈಕ್ರೊಮೀಟರ್ ಒಳಗಿನ ಕಾಲುವೆಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಅಗಲ ಹೆಚ್ಚಿದಂತೆ ಗೋಡೆಯಿಂದ ದೂರವಾದ ಎಳೆಗಳು ಮಾತು ಕೇಳುವುದಿಲ್ಲ. ಸೂಕ್ಷ್ಮ ಕಾಲುವೆಯ ಚಿಪ್‌ನೊಳಗೆ ಜೀವಕೋಶಗಳ ನಡೆಯನ್ನು ಗಮನಿಸುವುದಷ್ಟೇ ಗುರಿಯಾಗಿದ್ದರೆ ಇದು ಸಾಕು. ಒಂದು ದಿಕ್ಕಿನಿಂದ ಮಂಜುಗಟ್ಟಿಸಿ ಎಳೆಗಳನ್ನು ಸಾಲುಗೂಡಿಸುವ ವಿಧಾನವೂ ಇದೆ, ಆದರೆ ಅದರಲ್ಲಿ ಜೀವಕೋಶ ಬದುಕುವ ಮಾತೇ ಇಲ್ಲವಾದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಮೊದಲ ಅರ್ಧ ಗಂಟೆಯ ನಂತರ

ವಿಧಾನಗಳನ್ನು ಹೋಲಿಸುವಾಗ ಪ್ರಬಂಧಗಳ ಮೊದಲ ಚಿತ್ರವನ್ನು ನೋಡಿ ಮರುಳಾಗುವುದು ಸುಲಭ. ಅಯಸ್ಕಾಂತದ ಅಧಿಕಾರ ಜೆಲ್ ಹೆಪ್ಪುಗಟ್ಟುವ ಅರ್ಧ ಗಂಟೆಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಯಜಮಾನಿಕೆ ಜೀವಕೋಶಗಳದ್ದು. ಸಾಲುಗೂಡಿದ ಜೆಲ್ಲನ್ನು ದ್ರಾವಣದಲ್ಲಿ ತೇಲಲು ಬಿಟ್ಟರೆ ಕೋಶಗಳು ಎಲ್ಲ ಕಡೆಯಿಂದ ಎಳೆದು ಅದನ್ನು ಕುಗ್ಗಿಸುತ್ತವೆ, ಕೆಲವೇ ದಿನಗಳಲ್ಲಿ ಅಂಚಿನ ಹಿಡಿತವೇ ದಿಕ್ಕನ್ನು ನಿರ್ಧರಿಸತೊಡಗುತ್ತದೆ. ಅಯಸ್ಕಾಂತ ಕೊಟ್ಟ ದಿಕ್ಕು ಮತ್ತು ಹಿಡಿತದ ದಿಕ್ಕು ಒಂದೇ ಆಗಿದ್ದರೆ ಮೊದಲ ಕೆಲಸ ಗಟ್ಟಿಯಾಗುತ್ತದೆ, ಬೇರೆಬೇರೆಯಾಗಿದ್ದರೆ ಅಳಿಸಿಹೋಗುತ್ತದೆ. ಮಿನೆಸೋಟ ತಂಡ 1998ರಲ್ಲಿ ಕಾಂತಕ್ಷೇತ್ರದ ಆರಂಭಿಕ ಸಾಲುಗೂಡುವಿಕೆಯನ್ನೂ ಸಲಾಕೆಯ ಮೇಲಿನ ಕುಗ್ಗುವಿಕೆಯನ್ನೂ ಜೊತೆಯಾಗಿ ಅಧ್ಯಯನ ಮಾಡಿದ್ದರ ಹಿನ್ನೆಲೆ ಇದು.

ಅದೇ ತಂಡದ ಮುಂದಿನ ಹಾದಿಯೂ ಪಾಠದಂತಿದೆ. ಅಯಸ್ಕಾಂತದಿಂದ ರಕ್ತನಾಳ ಕಟ್ಟುವುದರಲ್ಲಿ ಮುಂಚೂಣಿಯಲ್ಲಿದ್ದ ಟ್ರಾಂಕ್ವಿಲ್ಲೊ ಅವರು, ಕೊನೆಗೆ ದೊಡ್ಡ ಪ್ರಾಣಿಗಳವರೆಗೆ ಕೊಂಡೊಯ್ದ ನಾಳಗಳಲ್ಲಿ ಅಯಸ್ಕಾಂತವನ್ನು ನೆಚ್ಚಿಕೊಳ್ಳಲಿಲ್ಲ. ಫೈಬ್ರಿನ್ ಜೆಲ್‌ನಲ್ಲಿ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಕೊಳವೆಯಾಗಿ ಬೆಳೆಸಿ, ಅವುಗಳ ಎಳೆತದಿಂದಲೇ ಸುತ್ತುದಿಕ್ಕು ಪಡೆದು, ಅವು ಸ್ರವಿಸಿದ ಕೊಲ್ಯಾಜೆನ್ ಉಳಿಸಿಕೊಂಡು ಕೋಶಗಳನ್ನು ತೊಳೆದು ತೆಗೆದ ಆ ನಾಳಗಳು ಎಳೆಯ ಕುರಿಗಳಲ್ಲಿ ಕುರಿಯೊಂದಿಗೇ ಬೆಳೆದವೆಂದು 2016ರಲ್ಲಿ ವರದಿಯಾಯಿತು. ವಾರಗಟ್ಟಲೆ ಬೆಳೆಸುವ, ಬಲವಾಗಿ ಎಳೆಯುವ ಕೋಶಗಳಿರುವ ಅಂಗಾಂಶವಾದರೆ ಅಯಸ್ಕಾಂತಕ್ಕಾಗಿ ಅಲೆಯಬೇಡಿ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಯಾವುದಕ್ಕೆ ಯಾವುದು

ಸ್ನಾಯುರಜ್ಜುವಿಗೆ ಬೇಕಾದದ್ದು ಎಳೆತ ತಡೆಯುವ ಬಲ. ಲೀಟರಿಗೆ ಕೆಲವೇ ಗ್ರಾಂ ಕೊಲ್ಯಾಜೆನ್ ಇರುವ ಜೆಲ್ಲನ್ನು ಎಷ್ಟೇ ಸಾಲುಗೂಡಿಸಿದರೂ ಆ ಬಲ ಬರುವುದಿಲ್ಲ; ವಿದ್ಯುತ್ ನೂಲಿನ ಹಾಳೆ, ಇಲ್ಲವೇ ಎರಡು ಕಂಬಗಳ ನಡುವೆ ಬಿಗಿದು ಬೆಳೆಸಿದ ಅಂಗಾಂಶ ಇಲ್ಲಿ ಮುಂದಿದೆ. ಅಪಧಮನಿಗೆ ಮೇಲೆ ಹೇಳಿದ ಸಲಾಕೆಯ ವಿಧಾನವೇ ಮೊದಲ ಆಯ್ಕೆ. ಕೋಶಗಳ ಎಳೆತಕ್ಕೆ ಮೊದಲೇ ದಿಕ್ಕು ಇದ್ದರೆ ಏನಾಗುತ್ತದೆ ಎಂಬುದೇ ಪ್ರಶ್ನೆಯಾಗಿದ್ದರೆ ಮಾತ್ರ ಅಯಸ್ಕಾಂತ ಸೇರಿಸಿಕೊಳ್ಳಬಹುದು. ಹೃದಯದ ಗೋಡೆಯಲ್ಲಿ ಒಳಮೈಯಿಂದ ಹೊರಮೈಗೆ ಬರುವಷ್ಟರಲ್ಲಿ ಎಳೆಗಳ ಕೋನ ನಿರಂತರವಾಗಿ ತಿರುಗುತ್ತ ಹೋಗುವುದರಿಂದ ಒಂದೇ ದಿಕ್ಕು ಕೊಡುವ ಯಾವ ವಿಧಾನವೂ ಅದನ್ನು ಪೂರ್ತಿ ನಕಲು ಮಾಡಲಾರದು. ಪಟ್ಟಿಗಳ ಮಟ್ಟಿಗೆ ಕಂಬಗಳು ಸಾಕು.

ಅಯಸ್ಕಾಂತ ನಿಜಕ್ಕೂ ತನ್ನ ಬೆಲೆ ತೋರಿಸುವುದು ಕಾರ್ನಿಯಾದಲ್ಲಿ ಮತ್ತು ನರದಲ್ಲಿ. ಕಾರ್ನಿಯಾಕ್ಕೆ ಪದರ ಪದರವಾಗಿ ದಿಕ್ಕು ಬದಲಾಗಬೇಕು, ಎಳೆಗಳು ತೆಳುವಾಗಿರಬೇಕು, ಕಣ ಬೆರೆಸುವಂತಿಲ್ಲ, ಕೋಶಗಳು ಹೆಚ್ಚು ಎಳೆದರೆ ಪಾರದರ್ಶಕತೆ ಕೆಡುತ್ತದೆ; ಈ ಎಲ್ಲ ಷರತ್ತುಗಳನ್ನು ಒಟ್ಟಿಗೆ ಪೂರೈಸುವುದು ಪ್ರಬಲ ಕ್ಷೇತ್ರದಲ್ಲಿ ಹೆಪ್ಪುಗಟ್ಟಿಸಿದ ಕೊಲ್ಯಾಜೆನ್. ನರದ ವಿಷಯದಲ್ಲಿ, ಕತ್ತರಿಸಿದ ತುದಿಗಳ ನಡುವೆ ಇಡುವ ಕೊಳವೆಯ ಒಳಗೆ ಮೆತ್ತನೆಯ, ಆದರೆ ಉದ್ದಕ್ಕೆ ಸಾಲುಗೂಡಿದ ಜೆಲ್ ಬೇಕು. ನರತಂತು ಮೆತ್ತನೆಯದರಲ್ಲಿ ಮಾತ್ರ ನುಸುಳಿ ಸಾಗುತ್ತದೆ. ಸಣ್ಣ ಇಲಿಯ (ಮೌಸ್) ತೊಡೆಯಲ್ಲಿ ಹಾಯುವ ಸಯಾಟಿಕ್ ನರದಲ್ಲಿ, ಕಾಂತಕ್ಷೇತ್ರದಿಂದ ಸಾಲುಗೂಡಿಸಿದ ಕೊಲ್ಯಾಜೆನ್ ತುಂಬಿದ ಕೊಳವೆ ಸಾಲುಗೂಡಿಸದ ಜೆಲ್‌ಗಿಂತ ಉತ್ತಮವಾಗಿ ನರ ಬೆಳೆಯಲು ನೆರವಾಯಿತೆಂದು 1999ರಲ್ಲಿ ವರದಿಯಾಗಿದೆ. ಇಲ್ಲಿ ಕೊಲ್ಯಾಜೆನ್ ಬಳಸುವವರು ಕ್ಷೇತ್ರವನ್ನು ಕೊಳವೆಗೆ ಅಡ್ಡಲಾಗಿಯೂ ಫೈಬ್ರಿನ್ ಬಳಸುವವರು ಕೊಳವೆಯ ಉದ್ದಕ್ಕೂ ಇಡಬೇಕು. ಇದೊಂದನ್ನು ತಿರುವುಮುರುವು ಮಾಡಿಕೊಂಡರೆ ನರತಂತುಗಳಿಗೆ ದಾರಿ ತೋರಿಸುವ ಬದಲು ಬೇಲಿ ಕಟ್ಟಿದಂತಾಗುತ್ತದೆ.

ಯಾವ ವಿಧಾನ ಆಯ್ದರೂ ಅಳೆಯುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಿ. ಅಡ್ಡಲಾಗಿಟ್ಟ ಎರಡು ಧ್ರುವೀಕಾರಕಗಳ ನಡುವೆ ಜೆಲ್ಲನ್ನಿಟ್ಟು ನಿಧಾನವಾಗಿ ತಿರುಗಿಸಿದಾಗ, ಸಾಲುಗೂಡಿದ್ದರೆ ಒಂದು ಪೂರ್ತಿ ಸುತ್ತಿಗೆ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕತ್ತಲಾಗುತ್ತದೆ. ಸಾಲುಗೂಡದಿದ್ದರೆ ಎಲ್ಲ ಕೋನದಲ್ಲೂ ಒಂದೇ ತೆರನಾಗಿ ಕಾಣುತ್ತದೆ. ಎಳೆ ಎಳೆಯಾಗಿ ನೋಡಬೇಕೆಂದರೆ ಕಾನ್‌ಫೋಕಲ್ ಸೂಕ್ಷ್ಮದರ್ಶಕದ ಪ್ರತಿಫಲನ ಚಿತ್ರಗಳನ್ನು ತೆಗೆದು, ಇಮೇಜ್‌ಜೆ ತಂತ್ರಾಂಶದಲ್ಲಿ ಕೋನಗಳ ಹಂಚಿಕೆಯನ್ನು ಲೆಕ್ಕ ಹಾಕಬಹುದು. ಚಿತ್ರಗಳನ್ನು ಮೊದಲ ದಿನ ಮಾತ್ರವಲ್ಲ, ಮೂರನೆಯ ಮತ್ತು ಏಳನೆಯ ದಿನವೂ ತೆಗೆಯಬೇಕು. ಜೊತೆಗೆ ಅದೇ ದ್ರಾವಣವನ್ನು, ಅದೇ ಅಚ್ಚಿನಲ್ಲಿ, ಅದೇ ಶಾಖದಲ್ಲಿ, ಅಯಸ್ಕಾಂತದಿಂದ ದೂರವಿಟ್ಟು ಹೆಪ್ಪುಗಟ್ಟಿಸಿದ ಇನ್ನೊಂದು ಜೆಲ್ ಇರಲೇಬೇಕು. ದ್ರಾವಣವನ್ನು ಅಚ್ಚಿಗೆ ಸುರಿಯುವಾಗ ಉಂಟಾಗುವ ಹರಿವು ಕೂಡ ಎಳೆಗಳನ್ನು ಒಂದಿಷ್ಟು ಸಾಲುಗೂಡಿಸುತ್ತದೆ, ಆ ಪಾಲೆಷ್ಟು ಎಂದು ಕಳೆದು ನೋಡಲು ಇದೊಂದೇ ಉಪಾಯ.